ಲಕ್ಷದ್ವೀಪ ವಿದ್ಯುತ್ ಇಲಾಖೆಗೆ ಫೀಡರ್ ಪಿಲ್ಲರ್ ಸಪ್ಲೈ: ಕಾರವಾರದಿಂದ ರೇಟ್ ಹೇಗೆ ಕಟ್ಟೋದು?

ಶಿರವಾಡ_ಪ್ಯಾನೆಲ್:
ಕಾರವಾರದಲ್ಲಿ ಎಲ್‌ಟಿ (ಲೋ ಟೆನ್ಷನ್) ಪ್ಯಾನೆಲ್ ಮತ್ತು ಎಸ್‌ಎಂಸಿ (ಗಾಜಿನ ನಾರು ಸೇರಿಸಿ ಅಚ್ಚು ಹಾಕಿದ ಪ್ಲಾಸ್ಟಿಕ್) ಫೀಡರ್ ಪಿಲ್ಲರ್, ಅಂದರೆ ಬೀದಿ ಬದಿ ವಿದ್ಯುತ್ ಹಂಚುವ ಪೆಟ್ಟಿಗೆ, ತಯಾರಿಸುವ ಯೂನಿಟ್ ಇದೆ. ಹೆಸ್ಕಾಂ ಗುತ್ತಿಗೆದಾರರಿಗೆ ಮಾಲು ಹೋಗ್ತಿದೆ. ಉದ್ಯಮ್ (ಸಣ್ಣ ಉದ್ಯಮದ) ನೋಂದಣಿ, ಸರ್ಕಾರಿ ಖರೀದಿ ಪೋರ್ಟಲ್ ಜೆಮ್‌ನಲ್ಲಿ ಖಾತೆ ಎರಡೂ ಇವೆ. ಈಗ ಲಕ್ಷದ್ವೀಪ ವಿದ್ಯುತ್ ಇಲಾಖೆಯ ಬಿಡ್ ಹಾಕುವ ಯೋಚನೆ. ಮಂಗಳೂರು ಬಂದರಿನವರೆಗೆ ಲಾರಿ ಬಾಡಿಗೆ ಸೇರಿಸಿ ರೇಟ್ ಕೊಟ್ಟರೆ ಸಾಕಾ? ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಮಾಫಿ ಸಿಗುತ್ತಾ? ಇಲ್ಲಿಯ ಮಾಲನ್ನೇ ಕಳಿಸಬಹುದಾ, ಬೇರೆ ಏನಾದರೂ ಬದಲಿಸಬೇಕಾ?

ಬಂದರ್_ಲೆಕ್ಕ:
ಮೊದಲು ಕನ್ಸೈನಿ (ಮಾಲು ಪಡೆಯುವವರ) ವಿಳಾಸ ನೋಡಿ, ಆಮೇಲೆ ಸ್ಪೆಸಿಫಿಕೇಶನ್. ಅಲ್ಲಿ ಜನವಸತಿಯ ದ್ವೀಪ 10. ಒಂದರಿಂದ ಒಂದಕ್ಕೆ ಲೈನ್ ಇಲ್ಲ, ಪ್ರತಿ ದ್ವೀಪಕ್ಕೂ ಬೇರೆ ಪವರ್‌ಹೌಸ್. ಹಾಗಾಗಿ 40 ಪಿಲ್ಲರ್ ಬಿಡ್ ಅಂತ ಖುಷಿಪಟ್ಟು ಒಳಗೆ ನೋಡಿದರೆ ಕವರತ್ತಿಗೆ 12, ಆಂಡ್ರೋತ್‌ಗೆ 10, ಮಿನಿಕಾಯ್‌ಗೆ 6, ಉಳಿದದ್ದು ಬೇರೆ ದ್ವೀಪಕ್ಕೆ ಅಂತ ಹಂಚಿರಬಹುದು. ಒಂದೊಂದು ಕಡೆಗೂ ಸಾಗಣೆ ಖರ್ಚು ಬೇರೆ.

ಜೆಮ್‌ನಲ್ಲಿ ನೀವು ಹಾಕುವ ರೇಟಲ್ಲಿ ಜಿಎಸ್‌ಟಿ, ಕನ್ಸೈನಿ ಬಾಗಿಲವರೆಗಿನ ಸಾಗಣೆ ಎಲ್ಲ ಬಂತು. ಫ್ರೈಟ್ ಬೇರೆ ಅಂತ ಆಮೇಲೆ ಕೇಳೋಕೆ ದಾರಿ ಇಲ್ಲ. ಜೆಮ್ ಬಿಟ್ಟು ಇ-ಟೆಂಡರ್ ಆದರೆ ಡೆಲಿವರಿ ಜಾಗ ಯಾವುದು ಅಂತ ಷರತ್ತಿನಲ್ಲೇ ಓದಬೇಕು. ಬಂದರಿನಲ್ಲಿ ಒಪ್ಪಿಸಿದರೆ ಸಾಕೋ, ದ್ವೀಪದ ಸ್ಟೋರ್‌ಗೆ ಮುಟ್ಟಿಸಬೇಕೋ ಎಂಬ ಒಂದು ಸಾಲಿನ ಮೇಲೆ ಇಡೀ ಲಾಭ ನಿಂತಿರುತ್ತೆ. ಸ್ಪಷ್ಟ ಇಲ್ಲದಿದ್ದರೆ ಪ್ರಿ-ಬಿಡ್‌ನಲ್ಲಿ ಬರೆದೇ ಕೇಳಿ. ಫೋನಲ್ಲಿ ಹೇಳಿದ್ದು ಕಾಗದಕ್ಕೆ ಬರಲ್ಲ.

ಖರ್ಚು ಹೀಗೆ ಕಟ್ಟಿ: ಕಾರವಾರದಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಲಾರಿ, ಹಳೇ ಬಂದರಿನಲ್ಲಿ ಇಳಿಸುವ ಹಮಾಲಿ, ಮಂಜಿ (ಮರದ ಸರಕು ಹಡಗು) ಸಿಗುವವರೆಗೆ ಗೋದಾಮು ಬಾಡಿಗೆ, ಮಂಜಿಗೆ ಏರಿಸುವ ಹಮಾಲಿ, ಮಂಜಿ ಬಾಡಿಗೆ, ದ್ವೀಪದಲ್ಲಿ ಇಳಿಸಿ ಸ್ಟೋರ್‌ವರೆಗೆ ಇನ್ನೊಂದು ಗಾಡಿ. ಹೆಚ್ಚಿನವರು ಮರೆಯೋದು ಈ ಕೊನೆಯದನ್ನು. ಕೆಲವು ಕಡೆ ದೊಡ್ಡ ಹಡಗು ಬಂಡೆಸಾಲಿನ ಹೊರಗೇ ನಿಂತು ಮಾಲು ಸಣ್ಣ ದೋಣಿಗೆ ಇಳಿಯುತ್ತೆ. ಕೈಯಲ್ಲಿ ಎತ್ತಲಾಗದ ಕ್ರೇಟ್ ಕಟ್ಟಿದರೆ ಅಲ್ಲೇ ಫಜೀತಿ. ಪಿಲ್ಲರ್ ಬಾಡಿ ಒಂದು ಪೆಟ್ಟಿಗೆ, ಸ್ಟ್ಯಾಂಡ್ ಇನ್ನೊಂದು, ಫ್ಯೂಸ್ ಮತ್ತು ಎಂಸಿಸಿಬಿ (ಸರ್ಕ್ಯೂಟ್ ಬ್ರೇಕರ್) ಮೂರನೇದು. ನಾಲ್ಕು ಜನ ಎತ್ತುವಷ್ಟೇ ತೂಕ ಇರಲಿ.

ಲಾರಿ ಟ್ರಾನ್ಸಿಟ್ ವಿಮೆ ಮಂಗಳೂರಲ್ಲೇ ಮುಗಿಯುತ್ತೆ. ಗೋದಾಮಿನಿಂದ ಗೋದಾಮಿನವರೆಗಿನ ಮರೈನ್ ಕಾರ್ಗೋ ಪಾಲಿಸಿ ತಗೊಳ್ಳಿ, ಮಂಜಿಯನ್ನೂ ಒಪ್ಪುತ್ತಾರಾ ಅಂತ ಮೊದಲೇ ಬರಹದಲ್ಲಿ ಪಡೀರಿ.

ಇ-ವೇ ಬಿಲ್‌ನಲ್ಲಿ ಬರೀ ‘ರೋಡ್’ ಹಾಕಿದರೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಮಂಜಿಗೆ ಕಾಯುವಾಗಲೇ ಅವಧಿ ಮುಗಿದಿರುತ್ತೆ. ‘ಶಿಪ್/ರೋಡ್ ಕಮ್ ಶಿಪ್’ ಆಯ್ದುಕೊಂಡರೆ 20 ಕಿ.ಮೀ.ಗೆ ಒಂದು ದಿನ ಸಿಗುತ್ತೆ, ಆರಾಮ.

ಮಳೆಗಾಲದಲ್ಲಿ ಮಂಜಿ ಬಂದ್. ಮೇ ತಿಂಗಳಲ್ಲಿ ಆರ್ಡರ್ ಬಂದು 60 ದಿನದ ಡೆಲಿವರಿ ಅಂದರೆ ದಂಡ ಕಟ್ಟೋಕೆ ತಯಾರಿರಿ ಅಂತಲೇ ಅರ್ಥ. ಸಾಮಾನ್ಯವಾಗಿ ವಾರಕ್ಕೆ ಶೇ. 0.5. ಅವಧಿ ವಿಸ್ತರಣೆಯನ್ನು ಗಡುವು ಮುಗಿಯುವ ಮೊದಲೇ ಪೋರ್ಟಲ್‌ನಲ್ಲಿ ಕೇಳಿ. ಸಮುದ್ರ ಕೆಟ್ಟಿದೆ ಅನ್ನೋದಕ್ಕೆ ಬಂದರು ಕಚೇರಿಯ ಸೂಚನೆಯ ಪ್ರತಿ ಇಟ್ಟಿರಿ.

ಟೆಂಡರ್_ಗುಮಾಸ್ತ:
ಇಎಂಡಿ ಮಾಫಿ ಸಿಗುತ್ತೆ, ಆದರೆ ತಯಾರಕರಿಗೆ ಮಾತ್ರ. ಉದ್ಯಮ್‌ನಲ್ಲಿ ಟ್ರೇಡಿಂಗ್ ಅಂತ ಮಾತ್ರ ಇದ್ದರೆ ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ಖರೀದಿ ನೀತಿಯ ಲಾಭ ಇಲ್ಲ, ಇಎಂಡಿ ಇಡದ ಬಿಡ್ ತಾಂತ್ರಿಕ ಹಂತದಲ್ಲೇ ಬೀಳುತ್ತೆ. ನೀವು ಕೊಡುವ ಅದೇ ಮಾಲಿನ ತಯಾರಿಕಾ ಕೋಡ್ ಇರಬೇಕು. ಅನುಭವ, ಟರ್ನೋವರ್ ವಿನಾಯಿತಿ ತಾನಾಗಿ ಬರಲ್ಲ. ಆ ಬಿಡ್‌ನಲ್ಲಿ ಇಲಾಖೆ ‘ಯೆಸ್’ (ಹೌದು) ಅಂತ ಕೊಟ್ಟಿರಬೇಕು. ಪರ್ಫಾರ್ಮೆನ್ಸ್ ಸೆಕ್ಯುರಿಟಿಗೆ (ಆರ್ಡರ್ ಸಿಕ್ಕ ಮೇಲೆ ಇಡುವ ಭದ್ರತೆ) ಮಾಫಿ ಇಲ್ಲವೇ ಇಲ್ಲ. ವಾರಂಟಿ ಮುಗಿದ ಮೇಲೂ 60 ದಿನ ಬ್ಯಾಂಕ್ ಗ್ಯಾರಂಟಿ ಜೀವಂತ ಇರಬೇಕಾದ್ದರಿಂದ ಅದರ ಕಮಿಷನ್ ಕೂಡ ರೇಟಿಗೆ ಸೇರಿಸಿ.

ನಿಮ್ಮ ರೇಟ್ ಎಲ್1ಗಿಂತ (ಅತಿ ಕಡಿಮೆ ರೇಟ್ ಹಾಕಿದವರಿಗಿಂತ) ಶೇ. 15ರ ಒಳಗಿದ್ದು, ಎಲ್1 ಸಣ್ಣ ಉದ್ಯಮ ಅಲ್ಲದಿದ್ದರೆ, ಅವರ ರೇಟಿಗೆ ಇಳಿಯುವ ಅವಕಾಶ ಬರುತ್ತೆ. ಹಂಚಬಹುದಾದ ಮಾಲಾದರೆ ಶೇ. 25ರಷ್ಟು ಆರ್ಡರ್. ಸಮುದ್ರದ ಖರ್ಚು ಇಟ್ಟ ಮೇಲೂ ಆ ರೇಟ್ ಗಿಟ್ಟುತ್ತಾ ಅಂತ ಬಿಡ್ ತೆರೆಯುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಇ-ಟೆಂಡರ್ ಪೋರ್ಟಲ್‌ಗೆ ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಬಿಒಕ್ಯೂ (ರೇಟ್ ತುಂಬುವ ಪಟ್ಟಿ) ಎಕ್ಸೆಲ್ ಫೈಲ್‌ನ ಹೆಸರು ಬದಲಿಸಬೇಡಿ, ಅಪ್‌ಲೋಡ್ ತಗೊಳ್ಳಲ್ಲ. ಎಲ್ಲ ಏರಿಸಿದ ಮೇಲೆ ‘ಫ್ರೀಜ್ ಬಿಡ್’ ಒತ್ತಲೇಬೇಕು. ಒತ್ತದೆ ಬಿಟ್ಟರೆ ಸಲ್ಲಿಕೆಯೇ ಆಗಿಲ್ಲ. ಸಮಯ ಸರ್ವರಿನದು, ನಿಮ್ಮ ಗೋಡೆ ಗಡಿಯಾರದ್ದಲ್ಲ.

ಶಿರವಾಡ_ಪ್ಯಾನೆಲ್:
ಉದ್ಯಮ್‌ನಲ್ಲಿ ತಯಾರಿಕೆ, ಟ್ರೇಡಿಂಗ್ ಎರಡೂ ಕೋಡ್ ಇವೆ. ಎಸ್‌ಎಂಸಿ ಡಬ್ಬಿ ಹೊರಗಿನಿಂದ ಬರುತ್ತೆ, ಬಸ್‌ಬಾರ್ (ವಿದ್ಯುತ್ ಹರಿಯುವ ಲೋಹದ ಪಟ್ಟಿ), ವೈರಿಂಗ್, ಟೆಸ್ಟಿಂಗ್ ಇಲ್ಲೇ.

ಟೆಂಡರ್_ಗುಮಾಸ್ತ:
ಎರಡೂ ಇದ್ದರೆ ಅಡ್ಡಿಯಿಲ್ಲ, ಮಾಲು ನಿಮ್ಮ ತಯಾರಿಕೆಯದ್ದು ಅಂತ ತೋರಿಸಬೇಕು ಅಷ್ಟೆ. ಟೈಪ್ ಟೆಸ್ಟ್ (ಮಾದರಿಯ ಲ್ಯಾಬ್ ಪರೀಕ್ಷೆ) ವರದಿ ನಿಮ್ಮ ಹೆಸರಲ್ಲಿ, ನಿಮ್ಮ ಡ್ರಾಯಿಂಗ್‌ಗೆ ಇರಲಿ. ಡಬ್ಬಿ ಕಂಪನಿಯ ವರದಿ ಡಬ್ಬಿಗೆ ಮಾತ್ರ ನಡೆಯುತ್ತೆ. ಬೆಂಗಳೂರಿನ ಸಿಪಿಆರ್‌ಐನಲ್ಲಿ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಟೆಸ್ಟ್‌ಗೆ ಸರದಿ ಕಾಯಬೇಕಾದೀತು. ಬಿಡ್ ಬಂದ ಮೇಲೆ ಓಡಿದರೆ ಆಗಲ್ಲ.

ಉಪ್ಪುಗಾಳಿ:
ಮಾಲಿನ ವಿಷಯ. ಕಾರವಾರ ಬಂದರಿನ ಬೈತಕೋಲ್ ಕಡೆ ಎಂಎಸ್ (ಸಾದಾ ಉಕ್ಕಿನ) ಬಾಕ್ಸ್‌ಗಳನ್ನು ನೋಡಿದರೆ ಗೊತ್ತಾಗುತ್ತೆ: ಪೌಡರ್ ಕೋಟಿಂಗ್ ಹಾಳೆಯ ನಡುವೆ ಹೋಗಲ್ಲ, ಕೊರೆದ ತೂತಿನ ಅಂಚು, ಹಿಂಜ್ ಮತ್ತು ತಳದ ಮಡಿಕೆಯಿಂದ ಶುರು. ದ್ವೀಪದಲ್ಲಿ ಗಾಳಿ ನಾಲ್ಕೂ ಕಡೆಯಿಂದ. ಬಾಡಿ ಎಸ್‌ಎಂಸಿ (ಐಎಸ್ 13410) ಇರೋದು ಒಳ್ಳೇದೇ. ಕೆಡೋದು ಅದಕ್ಕೆ ಹಾಕಿದ ಲೋಹ. ಹಿಂಜ್, ಬೀಗ, ಬೋಲ್ಟ್ ಎಲ್ಲ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 316. 304 ಹಾಕಿದರೆ ಚಹಾ ಬಣ್ಣದ ಕಲೆ ಏಳುತ್ತೆ, ಇನ್‌ಸ್ಪೆಕ್ಷನ್‌ನವರಿಗೆ ಅಷ್ಟೇ ಸಾಕು. ಬಸ್‌ಬಾರ್ ಬರೀ ತಾಮ್ರ ಬೇಡ, ತವರ ಲೇಪ ಇರಲಿ, ಕೇಬಲ್ ತುದಿಯ ಲಗ್ ಕೂಡ. ಬಾಗಿಲ ಗ್ಯಾಸ್ಕೆಟ್ ಇಪಿಡಿಎಂ ರಬ್ಬರಿನದು, ಒಂದೇ ತುಂಡು; ಮೂಲೆಯಲ್ಲಿ ಜೋಡಿಸಿದರೆ ಅಲ್ಲೇ ಬಿಡುತ್ತೆ. ಕೇಬಲ್ ಕೆಳಗಿನಿಂದಲೇ ಒಳಗೆ ಬರಲಿ, ಬಳಸದೆ ಉಳಿದ ಗ್ಲ್ಯಾಂಡ್ (ಕೇಬಲ್ ಬಿಗಿಯುವ) ತೂತಿಗೆ ಪ್ಲಗ್.

ಸ್ಟ್ಯಾಂಡ್ ಎಂಎಸ್ ಆದರೆ ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನ ಲೇಪ), 5 ಮಿ.ಮೀ. ಮತ್ತು ದಪ್ಪಕ್ಕೆ ಚದರ ಮೀಟರಿಗೆ 610 ಗ್ರಾಂ. ತೂತೆಲ್ಲ ಮೊದಲು, ಗ್ಯಾಲ್ವನೈಸಿಂಗ್ ಆಮೇಲೆ. ಸೈಟಿನಲ್ಲಿ ಡ್ರಿಲ್ ಇಟ್ಟರೆ ಮುಗೀತು. ಪ್ಯಾಕಿಂಗ್‌ನಲ್ಲಿ ತುಕ್ಕು ತಡೆಯುವ ವಿಸಿಐ ಹಾಳೆ, ಸಿಲಿಕಾ ಜೆಲ್ ಚೀಲ. ಪ್ರತಿ ದ್ವೀಪದ ಪೆಟ್ಟಿಗೆಗೂ ನಾಲ್ಕೈದು ಹೆಚ್ಚುವರಿ ಬೋಲ್ಟ್, ಒಂದು ಬೀಗ, ಎರಡು ಫ್ಯೂಸ್ ಹಾಕಿಬಿಡಿ. ಅಲ್ಲಿ ಒಂದು ನಟ್ ಕಳೆದುಹೋದರೆ ಮುಂದಿನ ಹಡಗಿನವರೆಗೆ ಕೆಲಸ ನಿಲ್ಲುತ್ತೆ, ನಿಮ್ಮ ಬಿಲ್ಲೂ ನಿಲ್ಲುತ್ತೆ.

ಬಂದರ್_ಲೆಕ್ಕ:
ಬಿಲ್ ಮಾತು ಬಂತಲ್ಲ, ಅದನ್ನೂ ಹೇಳ್ತೇನೆ. ಜೆಮ್‌ನಲ್ಲಿ ಕನ್ಸೈನಿ ಮಾಲು ಪಡೆದ ಮೇಲೆ 48 ಗಂಟೆಯಲ್ಲಿ ಪಿಆರ್‌ಸಿ (ತಾತ್ಕಾಲಿಕ ಸ್ವೀಕೃತಿ ಪತ್ರ), ಆಮೇಲೆ 10 ದಿನದಲ್ಲಿ ಸಿಆರ್‌ಎಸಿ (ಮಾಲು ಒಪ್ಪಿದ ಪತ್ರ) ಬರಬೇಕು. ಮಂಗಳೂರಿನ ಏಜೆಂಟ್ ಸಹಿಗೆ ಬೆಲೆ ಇಲ್ಲ, ದ್ವೀಪದ ಸ್ಟೋರ್‌ಕೀಪರ್ ಸಹಿ, ಸೀಲು ಬೇಕು. ಸಣ್ಣ ಉದ್ಯಮಕ್ಕೆ ಗರಿಷ್ಠ 45 ದಿನದಲ್ಲಿ ಹಣ ಅಂತ ಎಂಎಸ್‌ಎಂಇಡಿ ಕಾಯ್ದೆ ಇದೆ. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆದರೂ ಮೊದಲ ಆರ್ಡರ್‌ಗೆ ನಾಲ್ಕು ತಿಂಗಳ ಬಂಡವಾಳ ಕಟ್ಟಿಹಾಕುವ ತಾಕತ್ತಿದ್ದರೆ ಮಾತ್ರ ಇಳಿಯಿರಿ ಮಾರಾಯ್ರೆ. ಜಿಎಸ್‌ಟಿಯಲ್ಲಿ ಐಜಿಎಸ್‌ಟಿ ಹಾಕಿ, ಒಪ್ಪಂದ 2.5 ಲಕ್ಷ ದಾಟಿದರೆ ಶೇ. 2 ಟಿಡಿಎಸ್ ಕಡಿತ ಆಗುತ್ತೆ. ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬರುತ್ತೆ, ನೀವು ಒಪ್ಪಿಕೊಂಡು ಫೈಲ್ ಮಾಡಿದರೆ.

ಕಮಿಷನಿಂಗ್ (ಅಲ್ಲಿ ಜೋಡಿಸಿ ಚಾಲೂ ಮಾಡೋದು) ಸೇರಿದ್ದರೆ ಹುಡುಗರಿಗೆ ಪ್ರವೇಶ ಪರ್ಮಿಟ್ ಬೇಕು, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಕಾರವಾರದಲ್ಲೇ ಮೊದಲು ಮಾಡಿಸಿಡಿ.