ಫೋಟೊ ಫೈಲುಗಳು ಒಂದೊಂದಾಗಿ ಹಾಳಾಗ್ತಿವೆ, ಅಪ್ಪ ಬರೆದ ಫೈಲೂ ಹೋಯ್ತು. ದಯವಿಟ್ಟು ಸಹಾಯ ಮಾಡಿ

ಸಾಗರ_ತೋಟ | ಜೂನ್ 17, ರಾತ್ರಿ 11:48

ಎಲ್ಲರಿಗೂ ನಮಸ್ಕಾರ. ಮೊನ್ನೆ ಅಕ್ಕನ ಮಗಳಿಗೆ ಹಳೇ ಫೋಟೊ ಕಳಿಸೋಣ ಅಂತ ಫೋಲ್ಡರ್ ತೆರೆದೆ. ಸುಮಾರು ಫೋಟೊಗಳಲ್ಲಿ ಮೇಲಿನ ಅರ್ಧ ಸರಿ ಇದೆ, ಅಲ್ಲಿಂದ ಕೆಳಗೆ ಬಣ್ಣವೆಲ್ಲ ಗುಲಾಬಿ, ಹಸಿರು ಆಗಿ ಚಿತ್ರ ಪಕ್ಕಕ್ಕೆ ಜರುಗಿ ಕೂತಿದೆ. 2009ರಿಂದ ಕೂಡಿಟ್ಟ ಹನ್ನೊಂದು ಸಾವಿರ ಫೋಟೊ. ಎಷ್ಟು ಹೋಗಿವೆಯೋ ಲೆಕ್ಕ ಸಿಕ್ತಿಲ್ಲ. ಜಿಪ್ ಫೈಲುಗಳು ಬಿಚ್ಚುವಾಗ ಸಿಆರ್‌ಸಿ ಎರರ್ (ಒಳಗಿನ ಡೇಟಾ ತಾಳೆ ಆಗ್ತಿಲ್ಲ) ಅಂತ ನಿಲ್ತವೆ.

ಅದಕ್ಕಿಂತ ಸಂಕಟ ಏನಂದ್ರೆ, ಅಪ್ಪ ನಮ್ಮೂರ ಕೆರೆ, ಕಾಲುವೆ, ಮನೆತನಗಳ ಬಗ್ಗೆ ಬರೆದಿಟ್ಟಿದ್ದ 140 ಪುಟದ ವರ್ಡ್ ಫೈಲು. ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕಿ. ಅಪ್ಪ ಹೋಗಿ ಮೂರು ವರ್ಷ ಆಯ್ತು, ಬೇರೆ ಪ್ರತಿ ನಮ್ಮ ಹತ್ತಿರ ಇಲ್ಲ.

ವೈರಸ್ ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ಡಿಸ್ಕಿನ ತಪ್ಪು ಹುಡುಕೋ ವಿಂಡೋಸಿನ ಚೆಕ್‌ಡಿಸ್ಕ್ ಎರಡು ಸಲ ಓಡಿಸಿದೆ. ಕಂಪ್ಯೂಟರಿನಲ್ಲಿ ನಾನು ಏನೂ ಬದಲಾಯಿಸಿಲ್ಲ. ಮೂರು ದಿನದಿಂದ ನಿದ್ದೆ ಇಲ್ಲ. ಗೊತ್ತಿದ್ದವರು ಹೇಳಿ.

ಹುಬ್ಬಳ್ಳಿ_ರಿಪೇರಿ | ಜೂನ್ 18, ಬೆಳಗ್ಗೆ 7:10

ಹಾರ್ಡ್ ಡಿಸ್ಕ್ ಹೊಂಟೈತ್ರಿ. ಅನುಮಾನನ ಬ್ಯಾಡ. ಹದಿನೆಂಟ ವರ್ಷದಾಗ ಇಂಥಾವು ಭಾಳ ನೋಡೀನಿ. ಡಿಸ್ಕಿನ ಆರೋಗ್ಯ ತೋರಸೂ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕ್ರಿ, 05, ಸಿ5, ಸಿ6 ಅನ್ನೂ ಸಾಲಿನಾಗ ಏನ ಬರತೈತಿ ನೋಡಿ ಹೇಳ್ರಿ. ಸಿ5 ಸೊನ್ನೆಕ್ಕಿಂತ ಮ್ಯಾಲ ಇತ್ತಂದ್ರ ಓದಾಕ ಬರಲಾರದ ಸೆಕ್ಟರ್ (ಡಿಸ್ಕಿನ ಸಣ್ಣ ಭಾಗ) ಅದಾವಂತ ಅರ್ಥ.

ತೀರ್ಥಹಳ್ಳಿ_ಯುಪಿಎಸ್ | ಜೂನ್ 18, ಬೆಳಗ್ಗೆ 8:32

ಸಾಗರದವರು ಅಂದ್ಮೇಲೆ ಕರೆಂಟಿನ ಕಥೆ ಕೇಳ್ಬೇಕಾ? ಮಳೆ ಶುರುವಾದ ಮೇಲೆ ದಿನಕ್ಕೆ ಹತ್ತು ಸಲ ಹೋಗಿ ಬರ್ತದೆ. ಬರೀತಾ ಇರುವಾಗ ಕರೆಂಟ್ ಹೋದ್ರೆ ಫೈಲ್ ಅರ್ಧಕ್ಕೇ ನಿಂತ್ಹೋಗ್ತದೆ. ಯುಪಿಎಸ್ ಇದೆಯಾ? ಬ್ಯಾಟರಿ ಎಷ್ಟು ವರ್ಷದ್ದು?

ಕರಾವಳಿ_ಲಿನಕ್ಸ್ | ಜೂನ್ 18, ಬೆಳಗ್ಗೆ 9:05

ಮೊದಲು ಆ ಚೆಕ್‌ಡಿಸ್ಕ್ ಓಡಿಸುದು ನಿಲ್ಸಿ ಮಾರಾಯ್ರೆ! ಕಾಯಿಲೆ ಯಾವುದು ಅಂತ ಗೊತ್ತಾಗುವ ಮೊದಲೇ ಯಾರಾದ್ರೂ ಆಪರೇಶನ್ ಮಾಡ್ತಾರಾ? ಅದು ಫೋಟೊ ಸರಿ ಮಾಡುದಿಲ್ಲ, ಫೈಲ್ ಸಿಸ್ಟಮಿನ ಲೆಕ್ಕ (ಯಾವ ಫೈಲ್ ಎಲ್ಲಿದೆ ಅನ್ನುದು) ಮಾತ್ರ ಸರಿ ಮಾಡುದು. ಲೆಕ್ಕ ಕೂಡದ ತುಂಡುಗಳನ್ನು ತೆಗ್ದು ಫೌಂಡ್.000 ಅಂತ ಒಂದು ಫೋಲ್ಡರಿಗೆ ಹಾಕಿರ್ತದೆ, ಅದನ್ನು ಅಳಿಸ್ಬೇಡಿ. ಉಬುಂಟು (ಒಂದು ಲಿನಕ್ಸ್) ಪೆನ್‌ಡ್ರೈವಿನಲ್ಲಿ ಬೂಟ್ ಮಾಡಿ, ಡಿಸ್ಕ್ ನಕಲು ತೆಗೆಯುವ ಡಿಡಿರೆಸ್ಕ್ಯೂ ಹಾಕಿ ಪೂರ್ತಿ ಡಿಸ್ಕಿನ ಇಮೇಜ್ (ಇದ್ದ ಹಾಗೇ ನಕಲು) ತೆಗೀರಿ.

ಸಾಗರ_ತೋಟ | ಜೂನ್ 18, ಮಧ್ಯಾಹ್ನ 2:20

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೀಲಿ ಬಣ್ಣ, ಗುಡ್ ಅಂತಿದೆ. 05, ಸಿ5, ಸಿ6, ಸಿ7 ಎಲ್ಲಾ ಸೊನ್ನೆ. ಡಿಸ್ಕ್ 2 ಟಿಬಿ. ಯುಪಿಎಸ್ ಇದೆ, ಬ್ಯಾಟರಿ ಕಳೆದ ವರ್ಷ ಹಾಕಿಸಿದ್ದು. ಫೌಂಡ್.000 ಫೋಲ್ಡರ್ ಇಲ್ಲ.

ಹುಬ್ಬಳ್ಳಿ_ರಿಪೇರಿ | ಜೂನ್ 18, ಮಧ್ಯಾಹ್ನ 3:01

ಸ್ಮಾರ್ಟ್ (ಡಿಸ್ಕ್ ತನ್ನ ಬಗ್ಗೆ ತಾನ ಇಡೂ ಲೆಕ್ಕ) ಹೇಳಿದ್ದನ್ನ ಪೂರ್ತಿ ನಂಬಬ್ಯಾಡ್ರಿ. ಎಲ್ಲಾ ಸೊನ್ನಿ ಇದ್ದೂ ಮರುದಿನಾ ಸತ್ತ ಡಿಸ್ಕ್ ನೋಡೀನಿ. ಎಲ್ಲಾ ಸೆಕ್ಟರ್ ಓದಿ ನೋಡೂ ಪೂರ್ತಿ ಸರ್ಫೇಸ್ ಸ್ಕ್ಯಾನ್ ಹಚ್ರಿ. ಡಿಸ್ಕ್ ಜೋಡಸೂ ಸಾಟಾ ಕೇಬಲ್ಲೂ ಬದಲಿ ಮಾಡ್ರಿ.

ಕರಾವಳಿ_ಲಿನಕ್ಸ್ | ಜೂನ್ 18, ಮಧ್ಯಾಹ್ನ 3:15

ಸಿ7 ಸೊನ್ನೆ ಅಂತ ಹೇಳ್ತಿದ್ದಾರಲ್ಲ. ಕೇಬಲ್ ಕೆಟ್ಟಿದ್ರೆ ಮೊದಲು ಏರುದೇ ಅದು. ಮತ್ತೆ ಅನುಮಾನದ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಸ್ಕ್ಯಾನ್ ಹಚ್ಚುದಕ್ಕಿಂತ ಇಮೇಜ್ ತೆಗೀಲಿ ಮೊದಲು.

ಹುಬ್ಬಳ್ಳಿ_ರಿಪೇರಿ | ಜೂನ್ 18, ಮಧ್ಯಾಹ್ನ 3:22

ಮನ್ಯಾಗ ಒಂದ ಕಂಪ್ಯೂಟರ್ ಇದ್ದವರಿಗೆ ಉಬುಂಟು ಹಾಕು, ಡಿಡಿರೆಸ್ಕ್ಯೂ ಹಾಕು ಅಂದ್ರ ಹೆಂಗ್ರಿ? ಒಂದಕ್ಷರ ತಪ್ಪಿದ್ರ ಇದ್ದ ಡಿಸ್ಕ್ ಮ್ಯಾಲನ ಬರದ ಹೋಗತೈತಿ. ಗಿರಾಕಿಗೆ ಆಗೂ ಹಂಗ ಹೇಳಬೇಕು.

ಕರಾವಳಿ_ಲಿನಕ್ಸ್ | ಜೂನ್ 18, ಮಧ್ಯಾಹ್ನ 3:40

ಯಾವುದು ಮೂಲ, ಯಾವುದು ಗುರಿ ಅಂತ ಕಾಗದದಲ್ಲಿ ಬರ್ಕೊಂಡು ಕೂತ್ರೆ ತಪ್ಪುದಿಲ್ಲ. ನಮ್ಮ ಅತ್ತೆಯವರಿಗೆ ಅರವತ್ತೆರಡು, ಅವರೂ ಉಬುಂಟು ಬಳಸ್ತಾರೆ.

ನಾಸ್_ಮೈಸೂರು | ಜೂನ್ 18, ಸಂಜೆ 6:50

ಇದಕ್ಕೇ ನಾನು ಎಲ್ಲರಿಗೂ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕ್ಕೊಳ್ಳಿ ಅನ್ನೋದು. ಮನೆಯಲ್ಲಿ ನಾಲ್ಕು 8 ಟಿಬಿ ಡ್ರೈವ್, ಎರಡೆರಡು ಜೋಡಿ ಮಿರರ್ (ಒಂದರ ಪ್ರತಿ ಇನ್ನೊಂದರಲ್ಲಿ), ತಪ್ಪು ತಾನೇ ತಿದ್ದೋ 32 ಜಿಬಿ ಇಸಿಸಿ ರ‍್ಯಾಮ್, ತಿಂಗಳಿಗೊಂದು ಸ್ಕ್ರಬ್ (ಪೂರ್ತಿ ತಪಾಸಣೆ). ಡೇಟಾದ ಪ್ರತಿ ಬ್ಲಾಕಿಗೂ ಚೆಕ್‌ಸಮ್ (ತಾಳೆ ನೋಡೋ ಸಂಖ್ಯೆ) ಇರುತ್ತೆ. ಓದುವಾಗ ತಾಳೆ ಆಗದಿದ್ರೆ ಜೋಡಿ ಡ್ರೈವಿನಿಂದ ತಂದು ತಾನೇ ಸರಿ ಮಾಡ್ಕೊಳ್ಳುತ್ತೆ. ವಿಂಡೋಸಿನ ಎನ್‌ಟಿಎಫ್‌ಎಸ್ ನಿಮ್ಮ ಫೋಟೊದ ಒಳಗಿನ ಡೇಟಾಗೆ ಚೆಕ್‌ಸಮ್ ಇಡೋದಿಲ್ಲ, ಹಾಳಾಗಿದ್ದು ಅದಕ್ಕೆ ಗೊತ್ತೂ ಆಗೋದಿಲ್ಲ. ಐದು ವರ್ಷದಿಂದ ಒಂದು ಫೈಲ್ ಕಳೆದಿಲ್ಲ ನಾನು. ಬೇಕಾದ್ರೆ ಬಿಡಿಭಾಗಗಳ ಪಟ್ಟಿ ಕೊಡ್ತೀನಿ.

ತೀರ್ಥಹಳ್ಳಿ_ಯುಪಿಎಸ್ | ಜೂನ್ 18, ಸಂಜೆ 7:15

ನಾಲ್ಕು ಡ್ರೈವಿಗೆ ಯುಪಿಎಸ್ ಯಾವುದು ಹಾಕಿದ್ದೀರಿ? ಪ್ಯೂರ್ ಸೈನ್ ವೇವ್ ತಾನೆ?

ನಾಸ್_ಮೈಸೂರು | ಜೂನ್ 18, ಸಂಜೆ 7:40

ಹೌದು. 1 ಕೆವಿಎ. ಕರೆಂಟ್ ಹೋದ ಹತ್ತು ನಿಮಿಷಕ್ಕೆ ತಾನೇ ಶಟ್‌ಡೌನ್ ಆಗೋ ಹಾಗೆ ಮಾಡಿದ್ದೀನಿ. ಬೇಕಿದ್ರೆ ಬೇರೆ ಚರ್ಚೆ ತೆರೆಯಿರಿ, ಫೋಟೊ ಹಾಕ್ತೀನಿ.

ಸಾಗರ_ತೋಟ | ಜೂನ್ 19, ರಾತ್ರಿ 9:30

ಕೇಬಲ್ ಬದಲಾಯಿಸಿದೆ. ಸರ್ಫೇಸ್ ಸ್ಕ್ಯಾನ್ ಐದು ಗಂಟೆ ಓಡಿತು, ಒಂದು ಬ್ಯಾಡ್ ಸೆಕ್ಟರೂ ಸಿಗಲಿಲ್ಲ. ಆದ್ರೆ ಇವತ್ತು ಮೊಬೈಲಿಂದ ಹಾಕಿದ 200 ಫೋಟೊದಲ್ಲೂ ಎರಡು ಹಾಳಾಗಿವೆ. ಮೊಬೈಲಿನಲ್ಲಿ ಅವೇ ಫೋಟೊ ಚೆನ್ನಾಗಿವೆ. ನನಗೆ ಕೈಕಾಲೇ ಆಡ್ತಿಲ್ಲ.

ಹುಬ್ಬಳ್ಳಿ_ರಿಪೇರಿ | ಜೂನ್ 19, ರಾತ್ರಿ 9:52

ಹಂಗಾರ ಡಿಸ್ಕಿನ ಕಂಟ್ರೋಲರ್ ಬೋರ್ಡ್ ಹೋಗಿರಬೇಕು. ಡಿಸ್ಕ್ ಬದಲಿ ಮಾಡೂದ ಒಳ್ಳೇದ್ರಿ.

ಇಸಿಸಿ_ಜಯನಗರ | ಜೂನ್ 20, ಬೆಳಗ್ಗೆ 6:25

ಎಲ್ಲ ಉತ್ತರಗಳನ್ನೂ ಓದಿದೆ. ಡಿಸ್ಕ್ ಕೊಳ್ಳೋಕೆ ಹೋಗಬೇಡಿ, ಸ್ವಲ್ಪ ತಡೀರಿ.

ಹಾರ್ಡ್ ಡಿಸ್ಕ್ ಪ್ರತಿ ಸೆಕ್ಟರಿನ ಜೊತೆ ತಪ್ಪು ಹಿಡಿಯೋ ಕೋಡನ್ನೂ ಬರೆದಿಟ್ಟಿರುತ್ತೆ. ಸೆಕ್ಟರ್ ಕೆಟ್ಟರೆ ಅದು ಸಾಮಾನ್ಯವಾಗಿ ಓದೋಕಾಗಲ್ಲ ಅಂತ ಎರರ್ ಕೊಡುತ್ತೆ, ಕಾಪಿ ನಿಂತುಹೋಗುತ್ತೆ, ಕಂಪ್ಯೂಟರ್ ಒದ್ದಾಡುತ್ತೆ. ನಿಮ್ಮಲ್ಲಿ ಒಂದು ಎರರೂ ಬಂದಿಲ್ಲ. ಫೈಲ್ ಸಲೀಸಾಗಿ ಕಾಪಿ ಆಗಿದೆ, ಒಳಗಿನ ಡೇಟಾ ಮಾತ್ರ ತಪ್ಪು. ಹಾಗಾದರೆ ಕೆಟ್ಟಿರೋದು ಡಿಸ್ಕಿಗಿಂತ ಹೆಚ್ಚಾಗಿ ಡಿಸ್ಕಿಗೆ ಹೋಗೋ ದಾರಿ.

ಫೋಟೊ ಕೆಟ್ಟ ರೀತಿಯೂ ಅದನ್ನೇ ಹೇಳ್ತಿದೆ. ಜೆಪೆಗ್‌ನಲ್ಲಿ ಒಂದೇ ಒಂದು ಬಿಟ್ ಸೊನ್ನೆ ಇದ್ದದ್ದು ಒಂದಾದರೂ ಸಾಕು, ಅಲ್ಲಿಂದ ಮುಂದಿನದೆಲ್ಲ ತಪ್ಪಾಗಿ ಬಿಚ್ಚಿಕೊಂಡು ಬಣ್ಣ, ಜಾಗ ಎರಡೂ ಸರಿದುಹೋಗುತ್ತೆ. ಕೆಳಗಿನ ಭಾಗದ ಡೇಟಾ ಪೂರ್ತಿ ಕಾಣೆಯಾಗಿದ್ದರೆ ಹೆಚ್ಚಾಗಿ ಬೂದು ಬಣ್ಣ ಬರುತ್ತೆ.

ಒಂದು ಪರೀಕ್ಷೆ ಮಾಡಿ. 4 ಜಿಬಿ ಆಸುಪಾಸಿನ ಯಾವುದಾದರೂ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ, 7-ಜಿಪ್ ತಂತ್ರಾಂಶದ ಮೆನುವಿನಿಂದ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಫೈಲ್ ಬದಲಾಗದಿದ್ದರೆ ಅದೂ ಬದಲಾಗಲ್ಲ) ತೆಗೆದು ಬರೆದುಕೊಳ್ಳಿ. ರೀಸ್ಟಾರ್ಟ್ ಮಾಡಿ ಮತ್ತೆ ತೆಗೀರಿ. ಹೀಗೆ ನಾಲ್ಕು ಸಲ. ರೀಸ್ಟಾರ್ಟ್ ತಪ್ಪಿಸಬೇಡಿ, ಇಲ್ಲದಿದ್ದರೆ ಮೆಮೊರಿಯಲ್ಲಿ ಉಳಿದ ಅದೇ ಡೇಟಾ ಮತ್ತೆ ಓದಿ ಅದೇ ಉತ್ತರ ಕೊಡಬಹುದು.

ಇನ್ನೊಂದು ಪ್ರಶ್ನೆ. ಈ ವರ್ಷ ಯಾರಾದರೂ ಆ ಕ್ಯಾಬಿನೆಟ್ ಬಿಚ್ಚಿದ್ದರಾ? ಯಾವ ಕಾರಣಕ್ಕಾದರೂ ಸರಿ, ಹೇಳಿ.

ಸಾಗರ_ತೋಟ | ಜೂನ್ 20, ಸಂಜೆ 5:44

ಮೇಡಂ, ನಾಲ್ಕು ಸಲ ತೆಗೆದೆ. ಎರಡು ಸಲ ಒಂದೇ ಬಂತು, ಮಿಕ್ಕ ಎರಡು ಸಲ ಬೇರೆ ಬೇರೆ ಬಂತು. ನಾನು ಆ ಫೈಲ್ ಮುಟ್ಟೇ ಇಲ್ಲ.

ಕ್ಯಾಬಿನೆಟ್ ಬಿಚ್ಚಿದ್ದು ಏಪ್ರಿಲ್‌ನಲ್ಲಿ. ಅಂಗಡಿಯಲ್ಲಿ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದೆ. ಎಸ್‌ಎಸ್‌ಡಿ (ವೇಗದ ಚಿಪ್ ಡಿಸ್ಕ್) ಹಾಕಿ ವಿಂಡೋಸ್ ಹೊಸದಾಗಿ ಮಾಡಿಕೊಟ್ರು. ಹಳೇ 1 ಟಿಬಿಯಲ್ಲಿದ್ದ ಫೋಟೊಗಳನ್ನೆಲ್ಲ ಈ 2 ಟಿಬಿಗೆ ನಾನೇ ಕಾಪಿ ಮಾಡಿಕೊಂಡೆ. ಆಮೇಲೆ ಕಂಪ್ಯೂಟರ್ ಸ್ಪೀಡ್ ಆಗಿತ್ತು, ತೊಂದರೆ ಅನ್ನಿಸಲಿಲ್ಲ. ಅದಕ್ಕೆ ಹೇಳಲಿಲ್ಲ.

ಇಸಿಸಿ_ಜಯನಗರ | ಜೂನ್ 20, ಸಂಜೆ 6:02

ಸಿಕ್ಕಿತು, ಆ ಹೊಸ ರ‍್ಯಾಮ್ ಮೇಲೇ ಅನುಮಾನ. ಕಾಪಿ ಮಾಡುವಾಗ ಪ್ರತಿ ಫೈಲೂ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಮೂಲಕವೇ ಹಾದುಹೋಗುತ್ತೆ. 2009ರ ಫೋಟೊ ಈಗ ಕೆಟ್ಟಿರೋದು ಅದಕ್ಕೇ, ಏಪ್ರಿಲ್‌ನಲ್ಲಿ ಅದು ಆ ದಾರಿ ಹಿಡಿದು ಬಂದಿದೆ.

ಈಗಿನಿಂದ ಆ ಕಂಪ್ಯೂಟರಿನಲ್ಲಿ ಏನನ್ನೂ ಸೇವ್ ಮಾಡಬೇಡಿ, ಕಾಪಿ ಮಾಡಬೇಡಿ. ಚೆಕ್‌ಡಿಸ್ಕ್, ಡಿಫ್ರಾಗ್ (ಫೈಲ್ ತುಂಡು ಒಟ್ಟುಗೂಡಿಸೋದು) ಎರಡೂ ಬೇಡ. ರ‍್ಯಾಮ್ ಸುಳ್ಳು ಹೇಳುತ್ತಿರುವಾಗ ರಿಪೇರಿಗೆ ಹೋದರೆ ಸರಿ ಇರೋದನ್ನೂ ತಪ್ಪು ಅಂತ ತಿದ್ದಿಬಿಡುತ್ತೆ.

ಬೇರೆಯವರ ಕಂಪ್ಯೂಟರಿನಲ್ಲಿ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿಗೆ ಬರೆದು ತಂದು, ಅದರಿಂದ ಬೂಟ್ ಮಾಡಿ. ಮೊದಲು ಎರಡೂ ರ‍್ಯಾಮ್ ಇಟ್ಟು, ಆಮೇಲೆ ಒಂದೊಂದೇ ಇಟ್ಟು. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸೋ ಆಯ್ಕೆ) ಆನ್ ಇದ್ದರೆ ಆಫ್ ಮಾಡಿ ಮತ್ತೊಮ್ಮೆ. ಒಂದು ಕೆಂಪು ಸಾಲು ಬಂದರೂ ಅದು ಫೇಲ್. ಮತ್ತೆ, ಆ ಹಳೇ 1 ಟಿಬಿ ಡಿಸ್ಕ್ ಎಲ್ಲಿದೆ?

ಹುಬ್ಬಳ್ಳಿ_ರಿಪೇರಿ | ಜೂನ್ 20, ಸಂಜೆ 6:30

ರ‍್ಯಾಮ್ ಹಾಕಿಸಿದ್ದ ಮೊದಲ ಹೇಳಿದ್ರ ನಾನೂ ಅದನ್ನ ಹೇಳ್ತಿದ್ದೆ. ಇರ್ಲಿ. ಮೆಮ್‌ಟೆಸ್ಟಿಗೆ ಮೊದಲ ರ‍್ಯಾಮ್ ತಗದು, ಬಂಗಾರ ಬಣ್ಣದ ಕಾಲಿಗೆ ಪೆನ್ಸಿಲ್ ರಬ್ಬರ್ ಹಚ್ಚಿ ತಿಕ್ಕಿ ಹಾಕ್ರಿ. ಮಲೆನಾಡ ಹಸಿಗೆ ಕಾಂಟ್ಯಾಕ್ಟ್ ಮಸಕಾಗತಾವು.

ಕರಾವಳಿ_ಲಿನಕ್ಸ್ | ಜೂನ್ 20, ಸಂಜೆ 6:48

ರಬ್ಬರ್ ತಿಕ್ಕಿದ್ರೆ ಚಿನ್ನದ ಲೇಪ ಸವೀತದೆ, ಪುಡಿ ಸ್ಲಾಟಿಗೆ ಬೀಳ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ.

ಹುಬ್ಬಳ್ಳಿ_ರಿಪೇರಿ | ಜೂನ್ 20, ಸಂಜೆ 6:55

ಹದಿನೆಂಟ ವರ್ಷ ರಬ್ಬರ್ ಹಚ್ಚೀನಿ, ಒಂದೂ ಹಾಳಾಗಿಲ್ಲ.

ಡಿಟಿಪಿ_ದಾವಣಗೆರೆ | ಜೂನ್ 20, ರಾತ್ರಿ 8:10

ಎಲ್ಲರೂ ಫೋಟೊ ಹಿಂದೆ ಬಿದ್ದಿದ್ದೀರಿ, ಅವರ ಅಪ್ಪನ ಫೈಲಿನ ಬಗ್ಗೆ ಯಾರೂ ಮಾತಾಡಿಲ್ಲ. ಅಣ್ಣ, ಆ ಫೈಲ್ ಹಾಳಾಗಿಲ್ಲ ಅಂತ ನನಗೆ ಅನಿಸ್ತಿದೆ. ವರ್ಡ್‌ನಲ್ಲಿ ತೆರೆದು ಎಲ್ಲ ಸೆಲೆಕ್ಟ್ ಮಾಡಿ, ಮೇಲೆ ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರಿದೆ ನೋಡಿ. ಏನೂ ಸೇವ್ ಮಾಡದೆ ಮುಚ್ಚಿ.

ಸಾಗರ_ತೋಟ | ಜೂನ್ 20, ರಾತ್ರಿ 8:31

ನುಡಿ 01 ಇ ಅಂತ ಇದೆ.

ಡಿಟಿಪಿ_ದಾವಣಗೆರೆ | ಜೂನ್ 20, ರಾತ್ರಿ 8:37

ಹಾಗಾದ್ರೆ ಧೈರ್ಯವಾಗಿರಿ, ಅಪ್ಪ ಬರೆದದ್ದು ಅಲ್ಲೇ ಇದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೇ ಫಾಂಟ್ ಅದು. ಯೂನಿಕೋಡ್ (ಎಲ್ಲ ಭಾಷೆಗೂ ಸೇರಿದ ಒಂದೇ ಸಂಕೇತ ಪದ್ಧತಿ) ಬಳಕೆಗೆ ಬರೋ ಮೊದಲು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಒಳಗೆ ಇರೋದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ರೂಪ. ಹೊಸ ವಿಂಡೋಸ್ ಹಾಕಿದಾಗ ಫಾಂಟ್ ಹೋಗಿದೆ, ಸಂಕೇತ ಮಾತ್ರ ಕಾಣ್ತಿದೆ. ರ‍್ಯಾಮ್ ಸರಿಯಾದ ಮೇಲೆ ನುಡಿ ಹಾಕಿ ತೆರೆಯಿರಿ, ಕನ್ನಡ ಬರುತ್ತೆ.

ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿ ಒಂದು ಪ್ರತಿ ಇಡಿ, ಮೂಲ ಫೈಲ್ ಹಾಗೇ ಇರಲಿ. ಪರಿವರ್ತಿಸಿದ್ದನ್ನು ಕಣ್ಣಾರೆ ಓದಬೇಕು. ಅರ್ಕಾವತ್ತು, ಒತ್ತಕ್ಷರ ಬರೋ ಕಡೆ ತಪ್ಪು ಉಳಿಯುತ್ತೆ. 140 ಪುಟ ಅಂದ್ರೆ ನಾಲ್ಕೈದು ದಿನದ ಕೆಲಸ. ನಾನೂ ಅರ್ಧ ಓದಿಕೊಡ್ತೀನಿ, ಸಂಕೋಚ ಬೇಡ.

ನಾಸ್_ಮೈಸೂರು | ಜೂನ್ 20, ರಾತ್ರಿ 9:00

ಬರಹ ತಂತ್ರಾಂಶದಲ್ಲಿ ಬರೆದಿದ್ದರೆ ಪರಿವರ್ತನೆ ಇನ್ನೂ ಸುಲಭ ಇತ್ತು.

ಡಿಟಿಪಿ_ದಾವಣಗೆರೆ | ಜೂನ್ 20, ರಾತ್ರಿ 9:04

ಬರಹದ ಹಳೇ ಫಾಂಟಿನದ್ದೂ ಇದೇ ಕಥೆ. ಆ ಜಗಳ ಇಲ್ಲಿ ಬೇಡ ಸರ್.

ಸಾಗರ_ತೋಟ | ಜೂನ್ 22, ಮಧ್ಯಾಹ್ನ 1:15

ಅಮ್ಮನಿಗೆ ಹೇಳಿದೆ, ಅತ್ತುಬಿಟ್ರು. ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ.

ಮೆಮ್‌ಟೆಸ್ಟ್: ಎರಡೂ ಇದ್ದಾಗ ಹದಿನೈದು ನಿಮಿಷದಲ್ಲಿ ಕೆಂಪು ಸಾಲು. ಹಳೇ ರ‍್ಯಾಮ್ ಒಂದೇ ಇದ್ದಾಗ ರಾತ್ರಿಯಿಡೀ ಸೊನ್ನೆ. ಹೊಸದು ಒಂದೇ ಇದ್ದಾಗ ಎಕ್ಸ್‌ಎಂಪಿ ಆಫ್ ಇದ್ದೂ 214 ಎರರ್, ಸ್ಲಾಟ್ ಬದಲಾಯಿಸಿದರೂ ಅಷ್ಟೇ. ತೆಗೆದಿಟ್ಟೆ. ವಾರಂಟಿ ಇದೆ.

ಹಳೇ 1 ಟಿಬಿಯನ್ನು ಮೇ ತಿಂಗಳಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿ ಶಿವಮೊಗ್ಗದ ಅಕ್ಕನ ಮಗನಿಗೆ ಕೊಟ್ಟಿದ್ದೆ. 60 ಜಿಬಿ ತುಂಬಿಸಿದ್ದಾನೆ. ಫೋನ್ ಮಾಡಿ ಪ್ಲಗ್ ಕೀಳಿಸಿದ್ದೀನಿ. ಆಸೆ ಇದೆಯಾ?

ಇಸಿಸಿ_ಜಯನಗರ | ಜೂನ್ 22, ಮಧ್ಯಾಹ್ನ 1:50

ಖಂಡಿತ ಇದೆ. ಕ್ವಿಕ್ ಫಾರ್ಮ್ಯಾಟ್ ಹಳೇ ಡೇಟಾ ಅಳಿಸೋದಿಲ್ಲ, ಹೊಸ ವಿಳಾಸ ಪುಸ್ತಕ ತೆರೆಯುತ್ತೆ ಅಷ್ಟೆ. ಎಸ್‌ಎಸ್‌ಡಿ ಆಗಿದ್ದರೆ ಖಾಲಿ ಜಾಗ ಒರೆಸೋ ಟ್ರಿಮ್ ಎಲ್ಲ ಗುಡಿಸಿಬಿಡುತ್ತಿತ್ತು. ಹಳೇ ಹಾರ್ಡ್ ಡಿಸ್ಕಿನಲ್ಲಿ ಆ 60 ಜಿಬಿ ಎಲ್ಲಿ ಬಿದ್ದಿದೆಯೋ ಅಷ್ಟೇ ನಷ್ಟ.

ಕರಾವಳಿಯವರು ಮೊದಲ ದಿನ ಹೇಳಿದ ಇಮೇಜ್ ಕೆಲಸ ಈಗ ಮಾಡಿ, ಆದರೆ ಈ ಹಳೇ ಡಿಸ್ಕಿನ ಮೇಲೆ. ಆಮೇಲೆ ಇಮೇಜಿನ ಮೇಲೆ ಕಳೆದ ಫೈಲ್ ಹುಡುಕೋ ಡಿಎಂಡಿಇ ತಂತ್ರಾಂಶದ ಫುಲ್ ಸ್ಕ್ಯಾನ್ ಹಾಕಿ. ಹಳೇ ಎಂಎಫ್‌ಟಿ (ಫೈಲುಗಳ ಹೆಸರು, ಜಾಗದ ಪಟ್ಟಿ) ದಾಖಲೆ ಉಳಿದಿದ್ದರೆ ಫೋಲ್ಡರ್ ಹೆಸರಿನ ಸಮೇತ ಸಿಗುತ್ತೆ. ಉಳಿದದ್ದಕ್ಕೆ ಫೋಟೊರೆಕ್ ಅನ್ನೋ ತಂತ್ರಾಂಶ. ಅದರಲ್ಲಿ ಹೆಸರು ಬರೋದಿಲ್ಲ, ಫೋಟೊ ಒಳಗಿನ ಎಕ್ಸಿಫ್ ತಾರೀಖು ನೋಡಿ ಜೋಡಿಸಿಕೊಳ್ಳಬೇಕು.

ಕರಾವಳಿ_ಲಿನಕ್ಸ್ | ಜೂನ್ 22, ಮಧ್ಯಾಹ್ನ 2:05

ಡಿಡಿರೆಸ್ಕ್ಯೂ ಹಾಕುವಾಗ ನಂಗೆ ಮೆಸೇಜ್ ಮಾಡಿ, ಒಂದೊಂದೇ ಹೆಜ್ಜೆ ಜೊತೆಗೆ ಕೂತು ಹೇಳ್ತೇನೆ. ಎಂಟರ್ ಒತ್ತುವ ಮೊದಲು ಸ್ಕ್ರೀನಿನ ಫೋಟೊ ಕಳ್ಸಿ.

ಸಾಗರ_ತೋಟ | ಜುಲೈ 1, ರಾತ್ರಿ 10:20

10,312 ಫೋಟೊ ಹೆಸರಿನ ಸಮೇತ ಸಿಕ್ಕವು. ಫೋಟೊರೆಕ್‌ನಲ್ಲಿ ಇನ್ನೊಂದು 400. ಹೊಸ ಡಿಸ್ಕಿನವುಗಳ ಜೊತೆ ಹ್ಯಾಶ್ ತಾಳೆ ನೋಡಿದೆ, 371 ಬೇರೆ ಬಂದವು. ಕೆಲವು ನೋಡೋಕೆ ಚೆನ್ನಾಗೇ ಇದ್ದವು, ಹ್ಯಾಶ್ ನೋಡದಿದ್ದರೆ ಗೊತ್ತೇ ಆಗ್ತಿರಲಿಲ್ಲ. ಎಲ್ಲಾ ಹಳೇ ಡಿಸ್ಕಿನ ಪ್ರತಿ ಹಾಕಿದೆ. ಅಂಗಡಿಯವರು ರ‍್ಯಾಮ್ ಬದಲಿಸಿ ಕೊಟ್ರು. ಅದನ್ನೂ ರಾತ್ರಿಯಿಡೀ ಟೆಸ್ಟ್ ಮಾಡಿದ ಮೇಲೇ ಬಳಸಲು ಶುರು ಮಾಡಿದ್ದು.

ಅಪ್ಪನ ಫೈಲು 88ನೇ ಪುಟದ ತನಕ ಓದಿ ತಿದ್ದಿದ್ದೀವಿ. ದಾವಣಗೆರೆಯವರು ಹಿಂದಿನಿಂದ ಓದ್ತಾ ಬರ್ತಿದ್ದಾರೆ.

ಇನ್ನೊಂದು ಉಳಿದಿದೆ. ಕ್ಯಾಮ್‌ಕಾರ್ಡರಿನ ಎಂಟಿಎಸ್ ವಿಡಿಯೊ 43 ಇದ್ದವು. ಹೊಸ ಡಿಸ್ಕಿನಲ್ಲಿ ಅವು ಇಲ್ಲ, ಅವತ್ತು ಕಾಪಿ ಮಾಡಿರಲಿಲ್ಲ. ಹಳೇ ಡಿಸ್ಕಿನಲ್ಲಿ 31 ಪೂರ್ತಿ ಸಿಕ್ಕವು, ಮಿಕ್ಕವು ಎರಡು ಮೂರು ತುಂಡಾಗಿವೆ. ಅದರಲ್ಲಿ ಒಂದು ಅಪ್ಪ ಕೆರೆ ಏರಿ ಮೇಲೆ ನಿಂತು ಮಾತಾಡಿದ್ದು. ತುಂಡು ಎಂಟಿಎಸ್ ಜೋಡಿಸಿ ಗೊತ್ತಿರುವವರು ಯಾರಾದರೂ ಇದ್ದೀರಾ?

ಹುಬ್ಬಳ್ಳಿ_ರಿಪೇರಿ | ಜುಲೈ 2, ಬೆಳಗ್ಗೆ 7:30

ಎಂಟಿಎಸ್ ನನಗ ಗೊತ್ತಿಲ್ರಿ. ಹುಬ್ಬಳ್ಳಿಯಾಗ ಮದುವಿ ವಿಡಿಯೊ ಮಾಡೂ ಗೆಳೆಯಾ ಒಬ್ಬಾಂವ ಅದಾನ, ಅವಂಗ ಕೇಳಿ ಹೇಳ್ತೀನಿ. ಆ ಇಮೇಜ್ ಫೈಲ್ ಮಾತ್ರ ಅಳಸಬ್ಯಾಡ್ರಿ.