ರಾಜ್ಯ ಬದಲಾದರೆ ಮಗುವಿನ ಐಇಪಿ ಏನಾಗುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ಎರಡನೇ ತರಗತಿಯಲ್ಲಿರುವ ನಮ್ಮ ಮಗನಿಗೆ ಆಟಿಸಂ ಇದೆ. ಟೆಕ್ಸಾಸ್‌ನಲ್ಲಿದ್ದಾಗ ಐಇಪಿ, ಅಂದರೆ ಅವನಿಗೆಂದೇ ಬರೆದ ಶಿಕ್ಷಣ ಯೋಜನೆ ಇತ್ತು. ಸ್ಪೀಚ್ ಥೆರಪಿಯೂ ಸಿಗುತ್ತಿತ್ತು. ಶಾಲಾ ವರ್ಷದ ನಡುವೆ ಕ್ಯಾಲಿಫೋರ್ನಿಯಾಕ್ಕೆ ಬಂದೆವು. ಇಲ್ಲಿಯ ಶಾಲೆಯವರು, ಅವನಿಗೆ ಏನೇನು ನೆರವು ಬೇಕೆಂದು ತಾವೇ ಪರೀಕ್ಷಿಸಿ ಮುಗಿಸುವವರೆಗೆ ಥೆರಪಿ ಇಲ್ಲ ಎನ್ನುತ್ತಿದ್ದಾರೆ. ಕಾಯಬೇಕೇ?

ಉತ್ತರ: ಕಾಯಬೇಡಿ. ಹೀಗೆ ಥೆರಪಿ ನಿಲ್ಲಿಸಲು ಕಾನೂನು ಒಪ್ಪುವುದಿಲ್ಲ. ವರ್ಷದ ನಡುವೆ ಬೇರೆ ರಾಜ್ಯದಿಂದ ಬಂದ ಮಗುವಿಗೆ, ಹೊಸ ಯೋಜನೆ ಸಿದ್ಧವಾಗುವವರೆಗೂ ಹಳೆಯದಕ್ಕೆ ಸರಿಸಮನಾದ ಸೇವೆಗಳನ್ನು ಪೋಷಕರೊಂದಿಗೆ ಚರ್ಚಿಸಿ ಕೊಡಬೇಕು ಎನ್ನುತ್ತದೆ ವಿಶೇಷ ಶಿಕ್ಷಣಕ್ಕೆ ಸಂಬಂಧಿಸಿದ, ಐಡಿಇಎ ಎಂಬ ಅಮೆರಿಕದ ಕೇಂದ್ರ ಕಾನೂನು. ಟೆಕ್ಸಾಸ್‌ನ ಐಇಪಿಯ ಪ್ರತಿಯನ್ನು ಇಂದೇ ಇಮೇಲ್‌ನಲ್ಲಿ ಕಳುಹಿಸಿ, ಥೆರಪಿ ಯಾವಾಗ ಶುರುವಾಗುತ್ತದೆ ಎಂದು ಕೇಳಿ. ಆಗದು ಎಂದರೆ ಕಾರಣವನ್ನು ಬರಹದಲ್ಲಿ ಕೊಡಿ ಎನ್ನಿ. ಅದನ್ನು ಕೊಡುವುದು ಅವರ ಕರ್ತವ್ಯ.

ಪರೀಕ್ಷೆಯ ಗಡುವು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 45 ಶಾಲಾ ದಿನಗಳೊಳಗೆ ವರದಿ ಬರಬೇಕು. ಕ್ಯಾಲಿಫೋರ್ನಿಯಾದಲ್ಲಿ ಕೋರಿಕೆ ತಲುಪಿದ 15 ದಿನಗಳಲ್ಲಿ ಪರೀಕ್ಷಾ ಯೋಜನೆಯನ್ನು, ಅಂದರೆ ಮಗುವಿಗೆ ಯಾವ ಯಾವ ಪರೀಕ್ಷೆ ಮಾಡುತ್ತಾರೆಂಬ ಬರಹವನ್ನು, ನಿಮ್ಮ ಕೈಗೆ ಕೊಡಬೇಕು. ನಿಮ್ಮ ಲಿಖಿತ ಒಪ್ಪಿಗೆ ಸಿಕ್ಕಿದ 60 ದಿನಗಳೊಳಗೆ ಐಇಪಿ ಸಭೆ ನಡೆಯಬೇಕು. ದೀರ್ಘ ರಜೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಸಹಿಯ ಪಕ್ಕದಲ್ಲಿ ತಾರೀಖು ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತನ್ನು ನೆಚ್ಚಿ ತಿಂಗಳುಗಟ್ಟಲೆ ಕಳೆದುಕೊಂಡ ಪೋಷಕರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ಪ್ರಶ್ನೆ: ಧನ್ಯವಾದ ಮೇಡಂ. ಮನೆಯಲ್ಲಿ ಅವನು ಆಡುವುದು ಬಹುತೇಕ ಕನ್ನಡ. ಪರೀಕ್ಷೆಯೆಲ್ಲ ಇಂಗ್ಲಿಷಿನಲ್ಲೇ ಎನ್ನುತ್ತಿದ್ದಾರೆ.

ಉತ್ತರ: ಇದನ್ನು ಮೊದಲೇ ಹೇಳಿದಿರಿ, ಒಳ್ಳೆಯದಾಯಿತು. ಚಮಚದ ಚಿತ್ರ ತೋರಿಸಿದಾಗ ಮಗು "ಚಮಚ" ಎಂದರೆ, ಇಂಗ್ಲಿಷ್ ಅಂಕಪಟ್ಟಿಯಲ್ಲಿ ಅದು ತಪ್ಪು ಉತ್ತರವೆಂದು ದಾಖಲಾಗಬಹುದು. ಗೊತ್ತಿರುವುದೂ ಗೊತ್ತಿಲ್ಲವೆಂದಾಗುತ್ತದೆ. ತೀರಾ ಅಸಾಧ್ಯವಲ್ಲದಿದ್ದರೆ ಮಗುವಿನ ಮಾತೃಭಾಷೆಯಲ್ಲೇ ಪರೀಕ್ಷಿಸಬೇಕೆಂದು ಐಡಿಇಎ ಹೇಳುತ್ತದೆ. ಕನ್ನಡ ಬಲ್ಲ ಪರೀಕ್ಷಕರು ಸಿಗುವುದು ಕಷ್ಟ, ನಿಜ. ಆದರೂ ದುಭಾಷಿಯನ್ನು ಕೇಳಿ. ಮನೆಯಲ್ಲಿ ಅವನು ಆಡುವ ಪದಗಳು, ವಾಕ್ಯಗಳ ಪಟ್ಟಿಯನ್ನೂ ಪರೀಕ್ಷಾ ಯೋಜನೆಗೆ ಸಹಿ ಹಾಕುವಾಗಲೇ ಕೊಡಿ.

ನಿಮಗೂ ಸಭೆಯಲ್ಲಿ ದುಭಾಷಿ ಬೇಕಿದ್ದರೆ ಶಾಲೆಯೇ ಒದಗಿಸಬೇಕು. ಇನ್ನೊಂದು ಮಾತು: 24 ಗಂಟೆ ಮೊದಲು ತಿಳಿಸಿದರೆ, ಕ್ಯಾಲಿಫೋರ್ನಿಯಾದಲ್ಲಿ ಪೋಷಕರು ಐಇಪಿ ಸಭೆಯ ಧ್ವನಿಮುದ್ರಣ ಮಾಡಿಕೊಳ್ಳಬಹುದು. ಅಷ್ಟು ಜನ ಒಟ್ಟಿಗೆ ಮಾತನಾಡುವಾಗ ಎಲ್ಲವನ್ನೂ ಬರೆದುಕೊಳ್ಳಲು ಆಗುವುದಿಲ್ಲ, ಖಂಡಿತ ಮಾಡಿಕೊಳ್ಳಿ.