ಅಪ್ಪನ ಮಳೆ ಪುಸ್ತಕ: ಜನವರಿಯಲ್ಲಿ 118 ಮಿಲಿಮೀಟರ್ ಎಲ್ಲಿಂದ ಬಂತು?

ಮಳೆಪುಸ್ತಕ:

ನಮ್ಮದು ಸುಳ್ಯದ ಕಡೆ ಅಡಿಕೆ ತೋಟ. ಅಪ್ಪ 1996ರಿಂದ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಮಳೆ ಬಂದ ದಿನಕ್ಕೆ ಒಂದು ಸಾಲು: ತಾರೀಕು, ಎಷ್ಟು ಮಿಲಿಮೀಟರ್, ಅಷ್ಟೇ. ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿ, ಪಾಂಡಾಸ್‌ನಲ್ಲಿ (ಪೈಥಾನ್ ಭಾಷೆಯಲ್ಲಿ ಕೋಷ್ಟಕಗಳ ಲೆಕ್ಕ ಮಾಡುವ ಸಾಧನ) ತಿಂಗಳ ಮೊತ್ತ ತೆಗೆಯಬೇಕು ಅಂತ ಹೊರಟೆ. ಅಡಿಕೆಗೆ ಎರಡನೇ ಸಲ ಮದ್ದು ಸಿಂಪಡಿಸುವ ಹೊತ್ತಿಗೆ ಮಳೆ ಯಾವಾಗ ಬಿಡುವು ಕೊಡುತ್ತದೆ ಅಂತ ನೋಡುವ ಆಸೆ ಅಪ್ಪನದ್ದು.

ಗ್ರೂಪ್‌ಬೈ ಕೊಟ್ಟು ತಿಂಗಳುವಾರು ಕೂಡಿಸಿದೆ. 2008ರ ಜನವರಿಗೆ 118 ಮಿಲಿಮೀಟರ್ ತೋರಿಸುತ್ತಿದೆ. ಸಾವಿರ ದಾಟಬೇಕಿದ್ದ ಜುಲೈ 700ರ ಹತ್ತಿರ ನಿಂತಿದೆ. ತಮಾಷೆ ಅಂದರೆ ಇಡೀ ವರ್ಷದ ಮೊತ್ತ ಪುಸ್ತಕದ ಕೊನೆಯಲ್ಲಿ ಅಪ್ಪ ಕೂಡಿಸಿದ್ದಕ್ಕೆ ಸರಿಯಾಗಿ ತಾಳೆ ಆಗುತ್ತದೆ. ಹಾಗಾಗಿ ನಾನು ಸಂಶಯಪಡಲೇ ಇಲ್ಲ.

ಇನ್ನೂ ಒಂದು. 2010ರವರೆಗೆ ಪ್ರತಿ ಜನವರಿಯಲ್ಲೂ ಮಳೆ ಇದೆ, 2011ರಿಂದ ಇಲ್ಲವೇ ಇಲ್ಲ. ಹವಾಮಾನ ಬದಲಾಗಿದೆ ಅಂತ ಗ್ರಾಫ್ ಮಾಡಿ ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಅಪ್ಪ ಒಂದೇ ಮಾತು ಕೇಳಿದರು: "ಜನವರಿಯಲ್ಲಿ ಅಷ್ಟು ಮಳೆ ಬಂದಿದ್ದರೆ ಅಂಗಳದಲ್ಲಿ ಹರಡಿದ ಅಡಿಕೆ ಏನಾಗಬೇಕಿತ್ತು?"

ಎಲ್ಲಿ ತಪ್ಪಿದೆ ಹೇಳಿ.

ಕಾಲಂ_ಕಂಬ:

ತಿಂಗಳು ಮತ್ತು ದಿನ ಅದಲುಬದಲಾಗಿದೆ, ಬೇರೇನಲ್ಲ. ನಾವು ಜುಲೈ 1ನ್ನು 01/07 ಅಂತ ಬರೆಯುತ್ತೇವೆ. ಅಮೆರಿಕದವರಿಗೆ ಅದು ಜನವರಿ 7. ಅಕ್ಷರವನ್ನು ತಾರೀಕಾಗಿ ಓದುವ ಟು_ಡೇಟ್‌ಟೈಮ್‌ಗೆ ಡೇಫಸ್ಟ್ ಟ್ರೂ, ಅಂದರೆ ದಿನವೇ ಮೊದಲು, ಅಂತ ಕೊಡಿ ಸರ್, ಸರಿಹೋಗುತ್ತದೆ.

ಅದಕ್ಕೂ ಮೊದಲು 2008ರ ಜನವರಿ ಸಾಲುಗಳನ್ನು ಸುಮ್ನೆ ಪ್ರಿಂಟ್ ಮಾಡಿ ನೋಡಿ. ಮಳೆ 6ರಿಂದ 10ನೇ ತಾರೀಕಿನ ಒಳಗೇ ಬಂದಿದ್ದರೆ ನಾನು ಹೇಳಿದ್ದೇ ಕಾರಣ.

ಮಳೆಪುಸ್ತಕ:

ಮೊದಲಿಗೆ, ಸರ್ ಅಲ್ಲ, ಮೇಡಂ. ಇರಲಿ.

ಪ್ರಿಂಟ್ ಮಾಡಿದೆ. ಜನವರಿ 6ಕ್ಕೆ 18, 7ಕ್ಕೆ 46, 8ಕ್ಕೆ 31, 9ಕ್ಕೆ 14, 10ಕ್ಕೆ 9. ಬೇರೆ ಸಾಲೇ ಇಲ್ಲ. ಪುಸ್ತಕ ತೆಗೆದೆ. 2008ರ ಜುಲೈ 1ರ ಎದುರು ಅಪ್ಪನ ಕೈಬರಹದಲ್ಲಿ 46 ಅಂತಿದೆ! ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ಒಂದನೇ ತಾರೀಕುಗಳು ಸಾಲಾಗಿ ಬಂದು ಜನವರಿಯಲ್ಲಿ ಕೂತಿವೆ. ದಿನ, ತಿಂಗಳು ಬದಲಾದರೂ ವರ್ಷ ಅದೇ ಇರುತ್ತದೆ ಅಲ್ವಾ, ಅದಕ್ಕೇ ವರ್ಷದ ಮೊತ್ತ ಸರಿಯಾಗಿತ್ತು.

ಆದರೆ ಡೇಫಸ್ಟ್ ಕೊಟ್ಟರೂ ಒಂದು ಅಂಕಿ ಕೂಡ ಅಲ್ಲಾಡಲಿಲ್ಲ. ಅದೇ 118.

ಹಳೇ_ಡೆವಲಪರ್:

ಮೇಡಂ, ಪಾಂಡಾಸ್ ಅನ್ನು ಬಿಟ್ಟುಬಿಡಿ ಪಾಪ. ಎಕ್ಸೆಲ್ ಫೈಲನ್ನು ತೆರೆದು ತಾರೀಕಿನ ಕಾಲಂ ನೋಡಿ. ಕೆಲವು ತಾರೀಕು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿವೆಯಾ?

ಬಲಕ್ಕಿರುವುದನ್ನು ಎಕ್ಸೆಲ್ ತಾರೀಕು ಅಂತ ಒಪ್ಪಿಕೊಂಡಿದೆ. ಎಡಕ್ಕಿರುವುದು ಅದರ ಲೆಕ್ಕದಲ್ಲಿ ಬರೀ ಅಕ್ಷರ. ಲ್ಯಾಪ್‌ಟಾಪಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 01/07 ಟೈಪ್ ಮಾಡಿದ ಕೂಡಲೇ ಅದು ಜನವರಿ 7 ಆಗಿಹೋಗುತ್ತದೆ. 13/07 ಹೊಡೆದರೆ 13ನೇ ತಿಂಗಳು ಸಿಗುವುದಿಲ್ಲ, ಹಾಗಾಗಿ ಅಕ್ಷರವಾಗಿಯೇ ಉಳಿಯುತ್ತದೆ. ಆಗಲೇ ತಾರೀಕಾಗಿ ಬಂದದ್ದನ್ನು ಪಾಂಡಾಸ್ ಮುಟ್ಟುವುದಿಲ್ಲ. ಡೇಫಸ್ಟ್ ನಡೆಯುವುದು ಅಕ್ಷರಗಳ ಮೇಲೆ ಮಾತ್ರ, ಅವು ಮೊದಲೇ ಸರಿ ಇದ್ದವು. ಅದಕ್ಕೇ ನಿಮ್ಮ ಅಂಕಿ ಅಲ್ಲಾಡಲಿಲ್ಲ.

ಇದು ನಿಮ್ಮೊಬ್ಬರ ಗೋಳಲ್ಲ. ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದ ಮನುಷ್ಯನ ಜೀನ್‌ಗಳನ್ನೂ ಎಕ್ಸೆಲ್ ತಾರೀಕು ಮಾಡಿಬಿಡುತ್ತಿತ್ತು. ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿಯವರೇ ಸೋತು ಜೀನ್‌ಗಳ ಹೆಸರು ಬದಲಾಯಿಸಿದರು.

ಯಾವ ವರ್ಷ ಯಾರ ಲ್ಯಾಪ್‌ಟಾಪಿನಲ್ಲಿ ಟೈಪ್ ಆಯಿತು ಅಂತ ಮೊದಲು ಹೇಳಿ.

ಮಳೆಪುಸ್ತಕ:

ಅಯ್ಯೋ. 1996ರಿಂದ 2010ರವರೆಗೆ ಟೈಪ್ ಮಾಡಿದ್ದು ನಾನು, ಬೆಂಗಳೂರಲ್ಲಿ, ಆಫೀಸಿನ ಲ್ಯಾಪ್‌ಟಾಪಿನಲ್ಲಿ. ಅದು ಬಂದದ್ದೇ ಅಮೆರಿಕದ ಸೆಟ್ಟಿಂಗ್ ಇಟ್ಟುಕೊಂಡು. 2011ರಿಂದ ಈಚೆಗಿನದ್ದು ತಮ್ಮ ಮನೆಯಲ್ಲಿ ಟೈಪ್ ಮಾಡಿದ್ದು. ನನ್ನ ಹವಾಮಾನ ಬದಲಾವಣೆ ಶುರುವಾದದ್ದು ತಮ್ಮನ ಲ್ಯಾಪ್‌ಟಾಪಿನಲ್ಲಿ ಅಂತಾಯಿತು.

ಕಾಲಂ ನೋಡಿದೆ. ಜುಲೈ 12ರವರೆಗೆ ಬಲಕ್ಕೆ, 13ರಿಂದ ಎಡಕ್ಕೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಇಷ್ಟು ದಿನ ಅದನ್ನು ನೋಡಿಯೂ ಅಂದಕ್ಕೆ ಹೀಗಿದೆ ಅಂದುಕೊಂಡಿದ್ದೆ.

ಹದಿನೈದು ವರ್ಷದ್ದನ್ನು ಮತ್ತೆ ಟೈಪ್ ಮಾಡಬೇಕಾ?

ಹಳೇ_ಡೆವಲಪರ್:

ಬೇಡ. ಮೊದಲು ನೆನಪನ್ನು ನಂಬದೆ ವರ್ಷ ವರ್ಷಕ್ಕೂ ಒಂದು ಪರೀಕ್ಷೆ ಮಾಡಿ. ಎಕ್ಸೆಲ್ ತಾರೀಕು ಅಂತ ಒಪ್ಪಿದ ಸಾಲುಗಳಲ್ಲಿ 12ಕ್ಕಿಂತ ದೊಡ್ಡ ದಿನ ಒಂದೂ ಇಲ್ಲದಿದ್ದರೆ ಆ ವರ್ಷ ಕೆಟ್ಟಿದೆ. ಒಂದಾದರೂ 25ನೋ 30ನೋ ಇದ್ದರೆ ಅದು ನಿಮ್ಮ ತಮ್ಮನ ಕೈಯದ್ದು, ಮುಟ್ಟಬೇಡಿ.

ಕೆಟ್ಟ ವರ್ಷಗಳಲ್ಲಿ ತಾರೀಕಾಗಿರುವ ಸಾಲು ಮಾತ್ರ ಬೇರೆ ತೆಗೆಯಿರಿ. ತಾರೀಕನ್ನು ಅಕ್ಷರವಾಗಿ ಬರೆಯುವ ಎಸ್‌ಟಿಆರ್‌ಎಫ್‌ಟೈಮ್‌ನಿಂದ ಅದನ್ನು ವರ್ಷ-ದಿನ-ತಿಂಗಳು ಅಂತ ಬರೆಸಿ. ಆ ಅಕ್ಷರಗಳನ್ನೇ ಮತ್ತೆ ವರ್ಷ-ತಿಂಗಳು-ದಿನ ಅಂತ ಓದಿಸಿ. ಸುಳ್ಳು ಹೇಳಿ ನಿಜ ಹೊರಗೆಳೆದ ಹಾಗೆ. ಅಕ್ಷರವಾಗಿ ಉಳಿದ ಸಾಲುಗಳಿಗೆ ದಿನ/ತಿಂಗಳು/ವರ್ಷ ಅಂತ ಫಾರ್ಮ್ಯಾಟ್ ನೀವೇ ಕೊಡಿ, ಊಹೆಗೆ ಬಿಡಬೇಡಿ. ಎರಡನ್ನೂ ಸೇರಿಸಿ. ಆದರೆ ಇದನ್ನು ಎರಡು ಸಲ ಓಡಿಸಬೇಡಿ. ಎರಡನೇ ಸಲ ಓಡಿಸಿದರೆ ಮತ್ತೆ ತಿರುಗುತ್ತದೆ!

ಮಳೆಪುಸ್ತಕ:

ಆಯಿತು! 2008ರ ಜನವರಿ ಸೊನ್ನೆ. ಜುಲೈ 1,064. ಪುಸ್ತಕದಲ್ಲೂ 1,064.

ಇದೇ ಖುಷಿಯಲ್ಲಿ ಇನ್ನೊಂದು ಕೇಳಿಬಿಡುತ್ತೇನೆ. ಅಪ್ಪ ಈಗ ಫೋನಿನಲ್ಲೇ ಹಾಕಲಿ ಅಂತ ಫ್ಲಟರ್‌ನಲ್ಲಿ ಒಂದು ಸಣ್ಣ ಆ್ಯಪ್ ಮಾಡಿದ್ದೇನೆ. ಒಂದು ಅಂಕಿ, ಒಂದು ಬಟನ್. ಕೆಲವೊಮ್ಮೆ ಮಳೆ ಹಿಂದಿನ ದಿನಕ್ಕೆ ಹೋಗಿ ಕೂರುತ್ತದೆ. ಎಲ್ಲ ದಿನವೂ ಅಲ್ಲ. ನಾನು ಬೆಂಗಳೂರಲ್ಲಿ ಎಷ್ಟು ಸಲ ಒತ್ತಿ ನೋಡಿದರೂ ಸರಿಯಾಗಿಯೇ ಬರುತ್ತದೆ. ಅಪ್ಪ ತಪ್ಪು ಒತ್ತುತ್ತಿದ್ದಾರಾ?

ಕಾಲಂ_ಕಂಬ:

ಅಪ್ಪ ಎಷ್ಟು ಗಂಟೆಗೆ ಏಳುತ್ತಾರೆ?

ಮಳೆಪುಸ್ತಕ:

ನಾಲ್ಕೂವರೆಗೆ. ಹಾಲು ಕರೆಯುವುದಕ್ಕೆ ಹೋಗುವಾಗಲೇ ಮಳೆಮಾಪಕ ನೋಡುತ್ತಾರೆ. ಯಾಕೆ?

ಕಾಲಂ_ಕಂಬ:

ಹಾಗಾದರೆ ಅಪ್ಪನದ್ದೇನೂ ತಪ್ಪಿಲ್ಲ. ನೀವು ಸಮಯವನ್ನು ಯುಟಿಸಿಗೆ (ಇಡೀ ಜಗತ್ತಿಗೆ ಒಂದೇ ಆದ ಗಡಿಯಾರ) ತಿರುಗಿಸಿ, ಅದರ ಮೊದಲ ಹತ್ತು ಅಕ್ಷರ (ವರ್ಷ-ತಿಂಗಳು-ದಿನ) ಕತ್ತರಿಸಿಕೊಂಡು ತಾರೀಕು ಮಾಡಿದ್ದೀರಿ ಅಂತ ಕಾಣುತ್ತದೆ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 5.10ಕ್ಕೆ ಬಟನ್ ಒತ್ತಿದರೆ ಯುಟಿಸಿಯಲ್ಲಿ ಇನ್ನೂ ನಿನ್ನೆ ರಾತ್ರಿ 11.40. ಅಪ್ಪ 5.30 ದಾಟಿ ಒತ್ತಿದ ದಿನ ಸರಿ, ಅದಕ್ಕೆ ಮೊದಲು ಒತ್ತಿದ ದಿನ ತಪ್ಪು. ನೀವು ಆ ಹೊತ್ತಿಗೆ ಎದ್ದಿದ್ದರೆ ತಾನೇ ಗೊತ್ತಾಗುವುದು.

ಮಳೆಯ ತಾರೀಕನ್ನು ಫೋನಿನ ಗಡಿಯಾರದಿಂದಲೇ ತೆಗೆದು, 2025-07-01 ಅನ್ನುವ ಹಾಗೆ ಬರೀ ಅಕ್ಷರವಾಗಿ ಇಡಿ. ಯಾವಾಗ ಬಟನ್ ಒತ್ತಿದರು ಅನ್ನುವುದನ್ನು ಬೇಕಾದರೆ ಬೇರೆ ಕಾಲಂನಲ್ಲಿ ಯುಟಿಸಿಯಲ್ಲಿ ಇಡಿ. ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ.

ಇನ್ನೊಂದು ವಿಷಯ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಆ ದಿನದ ಲೆಕ್ಕಕ್ಕೆ ಹಾಕುತ್ತಾರೆ. ಅವರ ಅಂಕಿಗೆ ಹೋಲಿಸುವುದಿದ್ದರೆ ದಿನದಿನದ್ದು ತಾಳೆ ಆಗದು. ತಿಂಗಳ ಮೊತ್ತ ಹೋಲಿಸಿ.

ಮಳೆಪುಸ್ತಕ:

ಮೊದಲ ಹತ್ತು ಅಕ್ಷರವೇ ಕತ್ತರಿಸಿದ್ದೆ. ಪುಣ್ಯಕ್ಕೆ ಪೂರ್ತಿ ಸಮಯವೂ ಸರ್ವರಿನಲ್ಲಿ ಇತ್ತು. ಹಳೆಯ ಸಾಲುಗಳಿಗೆ ಐದೂವರೆ ಗಂಟೆ ಕೂಡಿಸಿ ತಾರೀಕು ಮತ್ತೆ ತೆಗೆದೆ. 41 ಸಾಲು ಜಾಗ ಬದಲಾಯಿಸಿದವು. ಅಪ್ಪನಿಗೆ ಫೋನ್ ಮಾಡಿ ತಪ್ಪು ನನ್ನದೇ ಅಂದೆ. "ಪುಸ್ತಕದಲ್ಲಿ ಬರೆಯುವುದನ್ನು ನಾನು ಬಿಟ್ಟಿಲ್ಲ" ಅಂದರು.

ಎಲ್ಲ ಮುಗಿದ ಮೇಲೆ ಒಂದು ಸಾಲು ಮಾತ್ರ ತಾರೀಕಾಗಲು ಒಪ್ಪುತ್ತಿಲ್ಲ. 31/06/2003, 22 ಮಿಲಿಮೀಟರ್. ನಾನು ತಪ್ಪು ಟೈಪ್ ಮಾಡಿದೆ ಅಂದುಕೊಂಡು ಪುಸ್ತಕ ನೋಡಿದರೆ ಅಲ್ಲೂ ಜೂನ್ 31 ಅಂತಲೇ ಇದೆ. ಕೆಳಗಿನ ಸಾಲಿನಲ್ಲಿ ಜುಲೈ 1, ಅದಕ್ಕೆ ಬೇರೆ ಮಳೆ. ಮೇಲಿನ ಸಾಲಿನಲ್ಲಿ ಜೂನ್ 30, ಅದಕ್ಕೂ ಬೇರೆ ಮಳೆ. ಅಪ್ಪನನ್ನು ಕೇಳಿದರೆ "ಮಳೆ ಬಂದದ್ದು ನಿಜ" ಅನ್ನುತ್ತಾರೆ. ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.